ಮನೆಯಲ್ಲಿ ಮಾಡಿದ ಪಿಸಿಬಿಗೆ ಕೋಟಿಂಗ್: ಏನು ಹಚ್ಚಬೇಕು, ಹಚ್ಚುವ ಮೊದಲು ಏನು ಮಾಡಬೇಕು

"ಬೋರ್ಡ್ ಎಚಿಂಗ್ ಆಯ್ತು, ಸೋಲ್ಡರಿಂಗ್ ಆಯ್ತು, ಕೆಲಸನೂ ಮಾಡ್ತಿದೆ. ಈಗ ಮೇಲೆ ಏನು ಹಚ್ಚಲಿ? ನೇಲ್ ಪಾಲಿಶ್ ಸಾಕಾ?" ಮನೆಯಲ್ಲೇ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ಜೋಡಿಸುವ ತಾಮ್ರದ ಗೆರೆಗಳ (ಟ್ರ್ಯಾಕ್) ಬೋರ್ಡ್, ಮಾಡಿಕೊಳ್ಳುವವರಿಂದ ಮಳೆಗಾಲ ಹತ್ತಿರ ಬಂತೆಂದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕರಾವಳಿ, ಮಲೆನಾಡಿನ ಕಡೆಯಿಂದಂತೂ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಕೋಟಿಂಗ್ ಹೊರಗಿನ ತೇವವನ್ನು ತಡೆಯುತ್ತದೆ ನಿಜ. ಆದರೆ ಒಳಗೆ ಆಗಲೇ ಇರುವ ಕೊಳೆಯನ್ನೂ ಅಲ್ಲೇ ಬೀಗ ಹಾಕಿ ಇಡುತ್ತದೆ. ನಾನು ಮಾಡಿದ ಒಂದು ವಾಟರ್ ಲೆವೆಲ್ ಕಂಟ್ರೋಲರ್‌ಗೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಬಳಸುವ ಅಂಟು) ತೊಳೆಯದೆ ಹಾಗೇ ಲ್ಯಾಕರ್ ಹೊಡೆದಿದ್ದೆ. ನೋಡಲು ಗಾಜಿನ ಹಾಗೆ ಹೊಳೆಯುತ್ತಿತ್ತು. ಜುಲೈ ಹೊತ್ತಿಗೆ ಟ್ಯಾಂಕ್ ಖಾಲಿಯಿದ್ದರೂ "ತುಂಬಿದೆ" ಎಂದು ತೋರಿಸತೊಡಗಿತು, ಮೋಟಾರ್ ಆನ್ ಆಗಲೇ ಇಲ್ಲ. ಕಾರಣ ಸುಲಭ. ಟ್ಯಾಂಕಿನ ಪ್ರೋಬ್ ಬರುವ ಟ್ರ್ಯಾಕಿಗೆ 12 ವೋಲ್ಟಿನಿಂದ 1 ಮೆಗಾಓಮ್ ರೆಸಿಸ್ಟರ್ ಇತ್ತು. ಪ್ರೋಬಿಗೆ ನೀರು ತಾಗಿದರೆ ಅಲ್ಲಿನ ವೋಲ್ಟೇಜ್ ಇಳಿಯುತ್ತದೆ, "ತುಂಬಿದೆ" ಎಂಬುದರ ಗುರುತೇ ಅದು. ಪಕ್ಕದ ಗ್ರೌಂಡ್ ಟ್ರ್ಯಾಕಿನ ನಡುವೆ ಉಳಿದಿದ್ದ ಫ್ಲಕ್ಸ್ ತೇವ ಹೀರಿಕೊಂಡು ತಾನೂ ಸುಮಾರು ಅಷ್ಟೇ ರೆಸಿಸ್ಟೆನ್ಸ್ ಆಗಿಬಿಟ್ಟಿತು. 12 ವೋಲ್ಟ್ ಇರಬೇಕಾದ ಕಡೆ 6 ವೋಲ್ಟ್. ಸಿಮಾಸ್ ಐಸಿ ಇದು ಒಂದೋ ಸೊನ್ನೆಯೋ ಎಂದು ತೀರ್ಮಾನಿಸುವುದೇ ಅಲ್ಲಿ, ಅರ್ಧ ವೋಲ್ಟೇಜಿನ ಆಸುಪಾಸಿನಲ್ಲಿ. ಹೊಳೆಯುವ ಲ್ಯಾಕರ್ ಕೆಳಗೆ ಬೆಳ್ಳಗೆ ಬೂಷ್ಟಿನ ಹಾಗೆ ಕಾಣುತ್ತಿತ್ತು.

ಹಾಗಾಗಿ ಕೆಳಗಿನ ಹಂತಗಳಲ್ಲಿ ತೊಳೆಯುವುದು, ಒಣಗಿಸುವುದೇ ಜಾಸ್ತಿ ಇದೆ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಗೊಂದಲ ಬಿಡಿಸಿಕೊಳ್ಳೋಣ. "ಕೋಟಿಂಗ್" ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಕೆಲಸ ಇವೆ. ಬರೀ ತಾಮ್ರ ಕಪ್ಪಾಗದಂತೆ ಸೋಲ್ಡರಿಂಗ್‌ಗೆ ಮೊದಲು ಹಚ್ಚುವುದು ಒಂದು. ಪ್ಯಾಡ್ (ಬಿಡಿಭಾಗದ ಕಾಲನ್ನು ಸೋಲ್ಡರ್ ಮಾಡುವ ಜಾಗ) ಬಿಟ್ಟು ಉಳಿದ ಕಡೆ ಸೋಲ್ಡರ್ ಹಿಡಿಯದಂತೆ ಮಾಡುವ ಹಸಿರು ಪದರ, ಅಂದರೆ ಸೋಲ್ಡರ್ ಮಾಸ್ಕ್, ಇನ್ನೊಂದು. ಎಲ್ಲ ಮುಗಿದ ಮೇಲೆ ಬಿಡಿಭಾಗಗಳ ಸಮೇತ ಇಡೀ ಬೋರ್ಡಿಗೆ ಹಚ್ಚುವ ಕನ್ಫಾರ್ಮಲ್ ಕೋಟಿಂಗ್ ಮೂರನೆಯದು. ನಿಮಗೆ ಮೂರೂ ಬೇಕಾಗಿಲ್ಲ. ಆದರೆ ತೇವದ ಜಾಗದಲ್ಲಿ ಇಡುವ ಬೋರ್ಡಿಗೆ ಮೂರನೆಯದು ಬೇಕೇ ಬೇಕು.

ಏನೇನು ಬೇಕು

ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟ್. ಎಲ್ಲರೂ ಐಪಿಎ ಅನ್ನುತ್ತಾರೆ, ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಉಳಿದಿದೆ ಎಂದು ಅದನ್ನು ಬಳಸಬೇಡಿ. ಡಬ್ಲ್ಯೂಎಚ್‌ಒ ಹೇಳಿದ ಫಾರ್ಮುಲಾದಲ್ಲೇ 1.45 ಪರ್ಸೆಂಟ್ ಗ್ಲಿಸರಿನ್ ಇದೆ. ಕೈ ಒಣಗದಿರಲಿ ಎಂದು ಹಾಕುವ ಈ ಗ್ಲಿಸರಿನ್ ಗಾಳಿಯಿಂದ ತೇವ ಎಳೆಯುತ್ತದೆ. ನಮಗೆ ಬೇಡವಾದದ್ದೇ ಅದು.

ಡಿಸ್ಟಿಲ್ಡ್ ವಾಟರ್ ಬೇಕು, ಇನ್ವರ್ಟರ್ ಬ್ಯಾಟರಿಗೆ ಹಾಕುವುದೇ ಸಾಕು. ಅಂಗಡಿಯಲ್ಲಿ ಸುಮ್ನೆ "ಬ್ಯಾಟರಿ ನೀರು" ಅನ್ನಬೇಡಿ, ಆಸಿಡ್ ಕೊಟ್ಟಾರು. ಇವುಗಳ ಜೊತೆಗೆ ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್ ಎರಡು, 600 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಕೈಗವಸು, ಮಲ್ಟಿಮೀಟರ್. ಕೋಟಿಂಗ್ ಯಾವುದು ಎಂಬುದನ್ನು ಮುಂದೆ ನೋಡೋಣ.

1. ಎಚಿಂಗ್ ಆದ ತಕ್ಷಣ ತೊಳೆಯಿರಿ

ಎಚಿಂಗ್ ಎಂದರೆ ಬೇಡದ ಕಡೆಯ ತಾಮ್ರವನ್ನು ಕರಗಿಸಿ ತೆಗೆಯುವುದು. ಅದಕ್ಕೆ ಬಳಸುವ ಫೆರಿಕ್ ಕ್ಲೋರೈಡ್‌ನಿಂದ ತೆಗೆದ ಬೋರ್ಡನ್ನು ನೀರಲ್ಲಿ ಅದ್ದಿ ಒರೆಸಿದರೆ ಸಾಲದು. ಟ್ರ್ಯಾಕಿನ ಅಂಚಿನಲ್ಲಿ, ಡ್ರಿಲ್ ಮಾಡಿದ ತೂತಿನಲ್ಲಿ ಅದು ಕೂತಿರುತ್ತದೆ, ತಿಂಗಳಾದ ಮೇಲೆ ಹಸಿರಾಗಿ ಹೊರಬರುತ್ತದೆ. ಮೊದಲು ಧಾರಾಳ ನೀರಿನಲ್ಲಿ ತೊಳೆದು, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಎರಡೂ ಕಡೆ ಉಜ್ಜಿ. ನೊರೆ ಬಂದರೆ ಆಸಿಡ್ ಇನ್ನೂ ಇತ್ತು ಎಂದರ್ಥ. ನೊರೆ ನಿಂತ ಮೇಲೆ ಮತ್ತೆ ನೀರು, ಕೊನೆಯ ಸಲ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರನ್ನೇ ಕೊನೆಗೆ ಬಳಸಿದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ.

ಆಮೇಲೆ ಟ್ರ್ಯಾಕಿನ ಮೇಲೆ ಉಳಿದ ಟೋನರನ್ನು (ಲೇಸರ್ ಪ್ರಿಂಟಿನ ಕಪ್ಪು ಪದರ) ಅಸಿಟೋನ್‌ನಿಂದ ಒರೆಸಿ ತೆಗೆಯಿರಿ. ತಾಮ್ರವನ್ನು ವಾಟರ್ ಪೇಪರ್‌ನಿಂದ ನೀರು ಹಾಕಿಕೊಂಡು ಹಗುರವಾಗಿ ಉಜ್ಜಿ. ಕನ್ನಡಿಯ ಹಾಗೆ ಹೊಳೆಯಬೇಕೆಂದಿಲ್ಲ, ಸಣ್ಣ ಗೀರುಗಳಿದ್ದರೆ ಕೋಟಿಂಗ್ ಚೆನ್ನಾಗಿ ಹಿಡಿಯುತ್ತದೆ. ಹುಣಸೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜಿದರೆ ತಾಮ್ರ ಫಳಫಳ ಅನ್ನುತ್ತದೆ, ಗೊತ್ತು. ಚೊಂಬಿಗೆ ಅದು ಸರಿ, ಬೋರ್ಡಿಗೆ ಬೇಡ. ಉಪ್ಪು ಸ್ವಲ್ಪ ಉಳಿದರೂ ತಾಮ್ರವನ್ನು ತಿನ್ನುತ್ತದೆ.

ಇಲ್ಲಿಂದ ಮುಂದೆ ತಾಮ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೋರ್ಡಿನ ಅಂಚು ಹಿಡಿದುಕೊಳ್ಳಿ. ಬೆರಳಿನ ಬೆವರಿನಲ್ಲೂ ಉಪ್ಪಿದೆ. ಮುಟ್ಟಿದ ಕಡೆ ಎರಡೇ ದಿನದಲ್ಲಿ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡಿರುವುದನ್ನು ನೀವೇ ನೋಡಿರುತ್ತೀರಿ.

2. ತಾಮ್ರದ ಮೇಲೆ ಏನಾದರೂ ಒಂದು ಹಚ್ಚಿ

ಅವತ್ತೇ ಸೋಲ್ಡರ್ ಮಾಡಿ ಮುಗಿಸುವುದಾದರೆ ಈ ಹಂತ ಬಿಟ್ಟುಬಿಡಬಹುದು. ಇಲ್ಲವಾದರೆ ಎರಡು ಸುಲಭ ದಾರಿ ಇವೆ.

ಒಂದು, ರೋಸಿನ್ ಲ್ಯಾಕರ್. ರೋಸಿನ್ ಎಂದರೆ ಪೈನ್ ಮರದ ರಾಳ, ಸೋಲ್ಡರ್ ತಂತಿಯ ಒಳಗಿರುವ ಫ್ಲಕ್ಸ್ ಕೂಡ ಸಾಮಾನ್ಯವಾಗಿ ಇದೇ. 100 ಮಿ.ಲೀ. ಐಪಿಎಗೆ 20ರಿಂದ 25 ಗ್ರಾಂ ರೋಸಿನ್ ಪುಡಿ ಮಾಡಿ ಹಾಕಿ, ಮುಚ್ಚಳ ಬಿಗಿಮಾಡಿ ಒಂದು ರಾತ್ರಿ ಬಿಡಿ. ಬಟ್ಟೆಯಲ್ಲಿ ಸೋಸಿದರೆ ಜೇನುತುಪ್ಪದ ಬಣ್ಣದ ದ್ರವ ಸಿಗುತ್ತದೆ. ಬ್ರಷ್‌ನಲ್ಲಿ ತೆಳ್ಳಗೆ ಒಂದೇ ಸಲ ಹಚ್ಚಿ. ಇದರ ಮೇಲೇ ನೇರವಾಗಿ ಸೋಲ್ಡರ್ ಮಾಡಬಹುದು, ಅದೇ ಫ್ಲಕ್ಸ್ ಆಗಿಯೂ ಕೆಲಸ ಮಾಡುತ್ತದೆ. ದಪ್ಪ ಹಚ್ಚಿದರೆ ವಾರವಾದರೂ ಅಂಟಂಟು ಹೋಗುವುದಿಲ್ಲ, ಧೂಳೆಲ್ಲ ಬಂದು ಕೂರುತ್ತದೆ. ಕರಗಿಸಲು ಅವಸರ ಮಾಡಿ ಒಲೆಯ ಮೇಲೆ ಇಡಬೇಡಿ, ಐಪಿಎ ಭಗ್ಗನೆ ಹತ್ತಿಕೊಳ್ಳುತ್ತದೆ.

ಎರಡು, ಟಿನ್ನಿಂಗ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ಟ್ರ್ಯಾಕಿಗೆ ರೋಸಿನ್ ಹಚ್ಚಿ, ಡಿಸೋಲ್ಡರಿಂಗ್ ವಿಕ್ (ತಾಮ್ರದ ಹೆಣೆದ ಪಟ್ಟಿ) ಮೇಲೆ ಸ್ವಲ್ಪ ಸೋಲ್ಡರ್ ತೆಗೆದುಕೊಂಡು, ಐರನ್ನಿನ ತುದಿಯಿಂದ ಒತ್ತುತ್ತಾ ಟ್ರ್ಯಾಕಿನ ಉದ್ದಕ್ಕೂ ನಿಧಾನ ಎಳೆಯಿರಿ. 63/37 ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ, ಐರನ್ 300 ಡಿಗ್ರಿ ದಾಟಿಸಬೇಕಾಗಿಲ್ಲ. ಒಂದೇ ಕಡೆ ನಿಂತರೆ ತಾಮ್ರ ಬೋರ್ಡಿನಿಂದ ಎದ್ದು ಬರುತ್ತದೆ, ಕಂದು ಬಣ್ಣದ ಫಿನಾಲಿಕ್ ಬೋರ್ಡಿನಲ್ಲಂತೂ ಬಲು ಬೇಗ. ಕಲಾಯಿಯವರು ಬಳಸುವ ನವಸಾಗರವನ್ನು ಮಾತ್ರ ಬೋರ್ಡಿನ ಹತ್ತಿರ ತರಬೇಡಿ. ಪಾತ್ರೆಯನ್ನು ಆಮೇಲೆ ತಿಕ್ಕಿ ತೊಳೆಯಬಹುದು, ಐಸಿ ಕಾಲಿನ ಸಂದಿಯನ್ನು ಹಾಗೆ ತಿಕ್ಕಲು ಆಗುತ್ತದಾ?

3. ಸೋಲ್ಡರ್ ಮಾಸ್ಕ್: ಬೇಕಿದ್ದರೆ ಮಾತ್ರ

ದೊಡ್ಡ ಪ್ಯಾಡ್, ಅಗಲ ಟ್ರ್ಯಾಕ್ ಇರುವ ಬೋರ್ಡಿಗೆ ಇದು ಬೇಡ ಎಂಬುದೇ ನನ್ನ ಅಭಿಪ್ರಾಯ. ಸಣ್ಣ ಎಸ್‌ಎಂಡಿ ಐಸಿ (ತೂತಿಲ್ಲದೆ ಬೋರ್ಡಿನ ಮೇಲೇ ಕೂರುವ ಚಿಪ್) ಇದ್ದು, ಕಾಲುಗಳ ನಡುವೆ ಸೋಲ್ಡರ್ ಅಂಟಿಕೊಳ್ಳುತ್ತಿದ್ದರೆ ಮಾಡಿ.

ಇದರಲ್ಲಿ ಎರಡು ಬಗೆ ಇವೆ. ಹಾರ್ಡನರ್ ಬೆರೆಸಿ, ಓವನ್ನಿನಲ್ಲಿ ಬೇಯಿಸಿ, ವಾಷಿಂಗ್ ಸೋಡಾ ನೀರಿನಲ್ಲಿ ಡೆವಲಪ್ ಮಾಡುವುದು ಕಾರ್ಖಾನೆಯ ರೀತಿ. ಮನೆಗೆ ಸರಿಹೋಗುವುದು ಸಿರಿಂಜಿನಲ್ಲಿ ಬರುವ ಯುವಿ ಶಾಯಿ. ಅದು ಅಲ್ಟ್ರಾವಯಲೆಟ್ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆ ಹಸಿಯಾಗಿಯೇ ಉಳಿಯುತ್ತದೆ. ಹಾಗಾಗಿ ಒಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ಯಾಡುಗಳನ್ನು ಮಾತ್ರ ಕಪ್ಪಾಗಿ ಪ್ರಿಂಟ್ ತೆಗೆಯಬೇಕು. ಬೆಳಕಿಗೆ ಹಿಡಿದು ನೋಡಿ, ಕಪ್ಪು ತೂತು ತೂತಾಗಿ ಕಂಡರೆ ಎರಡು ಪ್ರಿಂಟ್ ಒಂದರ ಮೇಲೊಂದು ಸರಿಯಾಗಿ ಕೂಡಿಸಿ ಅಂಟಿಸಿ.

ಬೋರ್ಡಿನ ನಡುವೆ ಕಡಲೆಕಾಳಿನಷ್ಟು ಶಾಯಿ ಹಾಕಿ, ಮೇಲೆ ಖಾಲಿ ಒಎಚ್‌ಪಿ ಶೀಟ್ ಇಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ತಳ್ಳುತ್ತಾ ಹರಡಿ. ಹಸಿರಿನ ಮೂಲಕ ಟ್ರ್ಯಾಕ್ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ದಪ್ಪವಾಗಿದೆ. ದಪ್ಪವಾದರೆ ಮೇಲ್ಪದರ ಗಟ್ಟಿಯಾಗಿ ಅಡಿಯ ಶಾಯಿ ಹಸಿಯಾಗೇ ಉಳಿಯುತ್ತದೆ, ಶೀಟ್ ಎತ್ತಿದಾಗ ಕೆನೆ ಎದ್ದ ಹಾಗೆ ಎದ್ದು ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ಆಮೇಲೆ ಪ್ರಿಂಟನ್ನು ಪ್ಯಾಡಿಗೆ ಸರಿಹೊಂದಿಸಿ, ಮೇಲೊಂದು ಗಾಜು ಇಟ್ಟು, ಜೆಲ್ ನೇಲ್ ಪಾಲಿಶ್ ಒಣಗಿಸುವ ಯುವಿ ಲ್ಯಾಂಪಿನ ಕೆಳಗಿಡಿ. ಎಷ್ಟು ಹೊತ್ತು? ನನ್ನ ಲ್ಯಾಂಪಿನ ಲೆಕ್ಕ ನಿಮ್ಮದಕ್ಕೆ ಹೊಂದುವುದಿಲ್ಲ. ಒಂದು ತುಂಡು ಬೋರ್ಡಿಗೆ ಶಾಯಿ ಹಚ್ಚಿ, ರಟ್ಟಿನಿಂದ ಮುಚ್ಚಿ, ನಿಮಿಷಕ್ಕೊಮ್ಮೆ ಒಂದೊಂದು ಸೆಂಟಿಮೀಟರ್ ರಟ್ಟು ಸರಿಸಿ. ಒರೆಸಿದಾಗ ಯಾವ ಪಟ್ಟಿ ಗಟ್ಟಿಯಾಗಿ ನಿಲ್ಲುತ್ತದೋ ಅದೇ ನಿಮ್ಮ ಟೈಮ್. ಬಿಸಿಲೂ ಆಗುತ್ತದೆ, ಆದರೆ ಮೋಡ ಬಂದರೆ ಲೆಕ್ಕ ತಪ್ಪುತ್ತದೆ. ಕೊನೆಗೆ ಐಪಿಎ ತಾಗಿಸಿದ ಟಿಶ್ಯೂನಿಂದ ಪ್ಯಾಡಿನ ಮೇಲಿನ ಹಸಿ ಶಾಯಿ ಒರೆಸಿ, ಶೀಟ್ ಇಲ್ಲದೆ ಇನ್ನೂ 15-20 ನಿಮಿಷ ಲ್ಯಾಂಪಿನಡಿ ಬಿಡಿ. ಹಸಿ ಶಾಯಿ ಚರ್ಮಕ್ಕೆ ತಾಗದಿರಲಿ, ಕೆಲವರಿಗೆ ತುರಿಕೆ ಬರುತ್ತದೆ.

4. ಸೋಲ್ಡರ್ ಮಾಡಿ, ಪರೀಕ್ಷೆ ಮಾಡಿ, ಮತ್ತೆ ತೊಳೆಯಿರಿ

ಕೋಟಿಂಗ್ ಹಚ್ಚುವ ಮೊದಲೇ ಬೋರ್ಡ್ ಪೂರ್ತಿ ಕೆಲಸ ಮಾಡುತ್ತಿರಬೇಕು. ಮೈಕ್ರೋಕಂಟ್ರೋಲರ್ ಇದ್ದರೆ ಪ್ರೋಗ್ರಾಂ ಹಾಕಿ ಎರಡು ದಿನ ಓಡಿಸಿ ನೋಡಿ. ಹಚ್ಚಿದ ಮೇಲೆ ರೆಸಿಸ್ಟರ್ ಬದಲಿಸುವುದು ತಲೆನೋವು.

ಈಗ ಫ್ಲಕ್ಸ್ ತೊಳೆಯುವ ಕೆಲಸ. ಐಪಿಎ ಧಾರಾಳವಾಗಿ ಸುರಿದು ಬ್ರಷ್‌ನಿಂದ ಉಜ್ಜಿ. ಫ್ಲಕ್ಸ್ ಕರಗಿ ಹಳದಿ ನೀರಾಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಆ ಹಳದಿ ನೀರನ್ನು ಹಾಗೇ ಆರಲು ಬಿಡುವುದು. ಆಲ್ಕೋಹಾಲ್ ಹಾರಿಹೋಗುತ್ತದೆ, ಫ್ಲಕ್ಸ್ ಎಲ್ಲೂ ಹೋಗುವುದಿಲ್ಲ, ಮೊದಲು ಪ್ಯಾಡಿನ ಸುತ್ತ ಇದ್ದದ್ದು ಈಗ ಬೋರ್ಡಿನ ತುಂಬ ತೆಳ್ಳಗೆ ಹರಡಿರುತ್ತದೆ ಅಷ್ಟೆ. ಆರುವ ಮೊದಲೇ ಟಿಶ್ಯೂ ಒತ್ತಿ ಹೀರಿಸಿ, ಹೊಸ ಐಪಿಎ ಸುರಿದು ಮತ್ತೆ ಉಜ್ಜಿ. ಮೂರು ಸಲ ಮಾಡಿ. ಆರಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದರೆ ಬಿಳಿ ಮಬ್ಬು ಕಾಣಬಾರದು, ಕೈಗವಸು ಹಾಕಿದ ಬೆರಳ ತುದಿಗೆ ಅಂಟಬಾರದು. "ನೋ-ಕ್ಲೀನ್" ಎಂದು ಬರೆದ ಫ್ಲಕ್ಸ್ ಆದರೂ ಕೋಟಿಂಗ್ ಹಚ್ಚುವುದಾದರೆ ತೊಳೆಯುವುದೇ ಒಳ್ಳೆಯದು.

ತೆರೆದ ರಿಲೇ, ಬಜರ್, ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಇರುವ ಬೋರ್ಡಿನಲ್ಲಿ ಐಪಿಎ ಅವುಗಳ ಒಳಗೆ ಹೋಗದಂತೆ ನೋಡಿಕೊಳ್ಳಿ. ಒಳಗೆ ಹೋದರೆ ಫ್ಲಕ್ಸನ್ನೂ ಕರೆದುಕೊಂಡೇ ಹೋಗುತ್ತದೆ.

5. ಒಣಗಿಸಿ

ಕಣ್ಣಿಗೆ ಒಣಗಿದ ಹಾಗೆ ಕಂಡರೂ ಐಸಿಯ ಹೊಟ್ಟೆಯ ಕೆಳಗೆ, ಬೋರ್ಡಿನ ಒಳಗೆ ತೇವ ಇರುತ್ತದೆ. 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ. ಓವನ್ ಇಲ್ಲದಿದ್ದರೆ ರಟ್ಟಿನ ಡಬ್ಬದಲ್ಲಿ 60 ವಾಟಿನ ಹಳೆಯ ಬಲ್ಬ್ ಉರಿಸಿ, ರಟ್ಟಿಗೆ ತಾಗದ ಹಾಗೆ, ಪಕ್ಕದಲ್ಲೇ ಕೂತು. ಐಪಿಎ ಪೂರ್ತಿ ಆರಿದ ಮೇಲೆಯೇ ಒಳಗಿಡಿ. 70 ಡಿಗ್ರಿ ದಾಟಿಸಬೇಡಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ ಹಲವು 85 ಡಿಗ್ರಿಯವು.

ಆಮೇಲೆ ಮಲ್ಟಿಮೀಟರನ್ನು 20 ಮೆಗಾಓಮ್‌ಗೆ ಇಟ್ಟು, ಒಂದಕ್ಕೊಂದು ಸಂಬಂಧವಿಲ್ಲದ ಅಕ್ಕಪಕ್ಕದ ಟ್ರ್ಯಾಕುಗಳ ನಡುವೆ ಅಳೆಯಿರಿ. ಬಾಯಿಂದ "ಹಾ" ಎಂದು ಬಿಸಿಯುಸಿರು ಬಿಟ್ಟು ಮತ್ತೆ ನೋಡಿ. ಉಸಿರು ತಾಗಿದ ಕೂಡಲೇ ರೀಡಿಂಗ್ ಒಂದೆರಡು ಮೆಗಾಓಮ್‌ಗೆ ಇಳಿದರೆ ಬೋರ್ಡ್ ಇನ್ನೂ ಕೊಳಕಾಗಿದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

6. ಮುಚ್ಚಬೇಕಾದ್ದನ್ನು ಮುಚ್ಚಿ

ಕನೆಕ್ಟರ್, ಐಸಿ ಸಾಕೆಟ್, ಸ್ವಿಚ್, ಟ್ರಿಮ್‌ಪಾಟ್, ಸೀಲ್ ಇಲ್ಲದ ರಿಲೇ, ಹೀಟ್‌ಸಿಂಕ್ ಕೂರುವ ಜಾಗ, ಪ್ರೋಗ್ರಾಮಿಂಗ್ ಪಿನ್ನುಗಳು, ಇವಕ್ಕೆಲ್ಲ ಟೇಪ್. ಡಿಎಚ್‌ಟಿ22 ತರಹದ ತೇವಾಂಶ ಸೆನ್ಸರ್, ಬಿಎಂಪಿ280 ಪ್ರೆಶರ್ ಸೆನ್ಸರ್, ಮೈಕ್ ಇವಕ್ಕೆ ತಪ್ಪದೆ. ಅವುಗಳ ತೂತು ಮುಚ್ಚಿದರೆ ಸೆನ್ಸರ್ ಕಥೆ ಮುಗಿಯಿತು. ವೈಫೈ ಇರುವ ಇಎಸ್‌ಪಿ32 ಮಾಡ್ಯೂಲ್ ಇದ್ದರೆ ಹಾವಿನ ಹಾಗೆ ಸುತ್ತಿದ ಆಂಟೆನಾ ಇರುವ ತುದಿಯನ್ನೂ ಮುಚ್ಚಿ. ಟೇಪಿನ ಅಂಚನ್ನು ಕಡ್ಡಿಯಿಂದ ಚೆನ್ನಾಗಿ ಒತ್ತಿ, ಇಲ್ಲದಿದ್ದರೆ ಸಂದಿಯಲ್ಲಿ ನುಗ್ಗುತ್ತದೆ.

7. ಯಾವುದು ಹಚ್ಚಬೇಕು

ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಅಕ್ರಿಲಿಕ್. ಬೇಗ ಒಣಗುತ್ತದೆ, ರಿಪೇರಿಗೆ ಅಸಿಟೋನ್‌ನಲ್ಲಿ ಒರೆಸಿ ತೆಗೆಯಬಹುದು. ಪಿಸಿಬಿಗೆಂದೇ ಬರುವ ಸ್ಪ್ರೇ ಡಬ್ಬ ತೆಗೆದುಕೊಂಡರೆ ಒಳ್ಳೆಯದು, ಕೆಲವದರಲ್ಲಿ ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುವ ಪುಡಿ ಬೆರೆಸಿರುತ್ತಾರೆ, ಎಲ್ಲಿ ಬಿಟ್ಟುಹೋಗಿದೆ ಎಂದು ಕಾಣುತ್ತದೆ. ಸಿಲಿಕೋನ್ ಕೋಟಿಂಗ್ ಬಿಸಿಯಾಗುವ ಬೋರ್ಡಿಗೆ, ಅಲುಗಾಡುವ ಜಾಗಕ್ಕೆ ಚೆನ್ನ. ಪಾಲಿಯುರೆಥೇನ್ ಪೆಟ್ರೋಲ್, ಆಯಿಲ್ ತಾಗುವ ಕಡೆಗೆ, ಆದರೆ ತೆಗೆಯುವುದು ಕಷ್ಟ, ಹೊಗೆಯೂ ಕೆಟ್ಟದ್ದು. ಇದೇನೂ ಸಿಗದ ಊರಿನಲ್ಲಿದ್ದರೆ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ. ಗಾಳಿಗೆ ಒಣಗುವ ಇನ್ಸುಲೇಟಿಂಗ್ ವಾರ್ನಿಷ್ ಸಿಕ್ಕರೆ ಧಾರಾಳವಾಗಿ ಬಳಸಬಹುದು. ಒಲೆಯಲ್ಲಿ ಬೇಯಿಸಬೇಕಾದ ಬಗೆಯೂ ಇದೆ, ಅದು ಬೇಡ.

ಇನ್ನು ನೇಲ್ ಪಾಲಿಶ್. ಬಣ್ಣವಿಲ್ಲದ್ದಾದರೆ ಒಂದೆರಡು ಜಾಯಿಂಟಿಗೆ ಪರವಾಗಿಲ್ಲ. ಇಡೀ ಬೋರ್ಡಿಗೆ ಬೇಡ, ಬಿರುಕು ಬಿಡುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಹಾಟ್ ಗ್ಲೂ ಕೋಟಿಂಗ್ ಅಲ್ಲ, ಅದರ ಅಡಿಯಲ್ಲೇ ನೀರು ಹರಿದು ಹೋಗುತ್ತದೆ. ಎಲ್ಲಕ್ಕಿಂತ ಮೋಸದ್ದು ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಸೀಲೆಂಟ್. ಹಚ್ಚುವಾಗ ವಿನಿಗರ್ ವಾಸನೆ ಬಂತೇ? ಅದು ಒಣಗುತ್ತಾ ಅಸಿಟಿಕ್ ಆಸಿಡ್ ಬಿಡುತ್ತದೆ, ತಾಮ್ರವನ್ನು ಹಸಿರಾಗಿಸುತ್ತದೆ. ಸೀಲೆಂಟೇ ಬೇಕಿದ್ದರೆ "ನ್ಯೂಟ್ರಲ್ ಕ್ಯೂರ್" ಎಂದು ಬರೆದದ್ದು ನೋಡಿ ತನ್ನಿ.

8. ಹಚ್ಚುವುದು

ಕಿಟಕಿ ಬಾಗಿಲು ತೆರೆದಿರಲಿ, ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಇರದಿರಲಿ. 230 ವೋಲ್ಟಿನ ಬೋರ್ಡಾದರೆ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳು ಡಿಸ್ಚಾರ್ಜ್ ಆಗಿವೆ ಎಂದು ಮೀಟರಿನಲ್ಲಿ ನೋಡಿಯೇ ಕೈಹಾಕಿ.

ಮಳೆ ಸುರಿಯುತ್ತಿರುವ ದಿನ ಸ್ಪ್ರೇ ಮಾಡಬೇಡಿ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕೋಟಿಂಗ್ ಮಂಜು ಮುಸುಕಿದ ಹಾಗೆ ಬೆಳ್ಳಗಾಗುತ್ತದೆ. ಕರಾವಳಿಯವರು ಏಪ್ರಿಲ್, ಮೇ ಒಳಗೇ ಮುಗಿಸಿಕೊಳ್ಳಿ. ಆಗದಿದ್ದರೆ ಒಣಗಿಸಿದ ಬೋರ್ಡ್ ಉಗುರುಬೆಚ್ಚಗಿರುವಾಗಲೇ ಹೊಡೆದು, ಬಲ್ಬಿಲ್ಲದ ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಆರಲು ಬಿಡಿ. ಬಲ್ಬ್ ಯಾಕೆ ಬೇಡ ಎಂದರೆ, ಸ್ಪ್ರೇಯ ಆವಿ ಮುಚ್ಚಿದ ಡಬ್ಬದಲ್ಲಿ ತುಂಬಿಕೊಂಡರೆ ಹತ್ತಿಕೊಳ್ಳಬಹುದು.

20ರಿಂದ 25 ಸೆ.ಮೀ. ದೂರದಿಂದ, ಬೋರ್ಡಿನ ಆಚೆಯೇ ಶುರುಮಾಡಿ ಆಚೆಯೇ ನಿಲ್ಲಿಸುವಂತೆ, ತೆಳ್ಳಗೆ ಹೊಡೆಯಿರಿ. 15-20 ನಿಮಿಷ ಬಿಟ್ಟು, ಬೋರ್ಡನ್ನು ಕಾಲುಭಾಗ ತಿರುಗಿಸಿ ಮತ್ತೊಮ್ಮೆ. ಹೀಗೆ ಮೂರು ಸಲ, ಎರಡೂ ಕಡೆ. ತಿರುಗಿಸುವುದು ಯಾಕೆಂದರೆ ಎತ್ತರದ ಕೆಪಾಸಿಟರಿನ ಹಿಂದೆ ನೆರಳಿನಂತೆ ಒಂದು ಜಾಗ ಉಳಿದುಬಿಡುತ್ತದೆ. ಒಟ್ಟು ದಪ್ಪ ಅಕ್ರಿಲಿಕ್‌ಗೆ 0.03ರಿಂದ 0.13 ಮಿ.ಮೀ. ಇರಬೇಕೆಂಬುದು ಕಾರ್ಖಾನೆಗಳು ಪಾಲಿಸುವ ಐಪಿಸಿ (ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆ) ಮಾನದಂಡ. ಒಂದು ಹಾಳೆ ಸುಮಾರು 0.1 ಮಿ.ಮೀ. ಇರುತ್ತದೆ, ಅಂದಾಜಿಗೆ ಅಷ್ಟು ಸಾಕು. ಒಂದೇ ಸಲ ದಪ್ಪ ಹೊಡೆದರೆ ಗುಳ್ಳೆ ಬಂದು ಒಳಗೆ ಸಿಕ್ಕಿಕೊಳ್ಳುತ್ತದೆ.

ಮೂರನೆಯ ಕೋಟ್ ಆದ ಮೇಲೆ ಭೂತಗನ್ನಡಿ ಹಿಡಿದು ಸೋಲ್ಡರ್ ಕಡೆ ಕತ್ತರಿಸಿದ ಕಾಲುಗಳ ತುದಿ ನೋಡಿ. ಚೂಪಾದ ಅಂಚಿನಿಂದ ದ್ರವ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಜಾಯಿಂಟಿನ ಬುಡದಲ್ಲಿ ದಪ್ಪಗಿದ್ದು ತುದಿಯಲ್ಲಿ ಲೋಹ ಬರಿದಾಗಿ ಹೊಳೆಯುತ್ತಿರುತ್ತದೆ. ಅಂಥ ಕಡೆಗೆಲ್ಲ ಸಣ್ಣ ಬ್ರಷ್‌ನಿಂದ ಒಂದೊಂದು ಚುಕ್ಕೆ ಇಡಿ.

ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕೀಳಿ. ಗಟ್ಟಿಯಾದ ಮೇಲೆ ಕಿತ್ತರೆ ಪಕ್ಕದ ಪದರವೂ ಎದ್ದು ಬರುತ್ತದೆ. ಮುಟ್ಟಲು ಅರ್ಧ ಗಂಟೆ ಸಾಕು, ಕರೆಂಟ್ ಕೊಡಲು 24 ಗಂಟೆ ಕಾಯಿರಿ.

9. ಡಬ್ಬದೊಳಗೆ ಕೂರಿಸುವಾಗ

ಕೋಟಿಂಗ್ ಇದೆಯೆಂದು ಬೋರ್ಡನ್ನು ಮಳೆಗೆ ಬಿಡಬೇಡಿ. ಅದು ತೇವಕ್ಕೆ, ಧೂಳಿಗೆ ತಡೆ, ನೀರಲ್ಲಿ ಮುಳುಗಿಸಲು ಅಲ್ಲ. ಹಾಗೆಯೇ 230 ವೋಲ್ಟಿನ ಟ್ರ್ಯಾಕಿಗೂ ಕಡಿಮೆ ವೋಲ್ಟಿನ ಟ್ರ್ಯಾಕಿಗೂ ನಡುವೆ ಬಿಡಬೇಕಾದ ಅಂತರವನ್ನು ಕೋಟಿಂಗ್ ನಂಬಿ ಕಡಿಮೆ ಮಾಡಬೇಡಿ. ನಾನಂತೂ 6 ಮಿ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರಿನಿಂದಲೇ ವೋಲ್ಟೇಜ್ ಇಳಿಸುವ ಸರ್ಕ್ಯೂಟಿಗೆ ನೀರಿನ ಪ್ರೋಬ್ ಜೋಡಿಸುವುದಂತೂ ಬೇಡವೇ ಬೇಡ, ಎಷ್ಟು ಕೋಟಿಂಗ್ ಹಚ್ಚಿದರೂ ಟ್ಯಾಂಕಿನ ನೀರಿಗೇ ಕರೆಂಟ್ ಬರಬಹುದು.

ವೈರುಗಳು ಡಬ್ಬದ ಕೆಳಗಿನಿಂದ ಒಳಬರಲಿ, ಒಳಬರುವ ಮೊದಲು ಸ್ವಲ್ಪ ಜೋತು ಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೇಬಲ್ ಗ್ಲ್ಯಾಂಡ್ (ವೈರ್ ಒಳಬರುವ ತೂತನ್ನು ಬಿಗಿಯಾಗಿ ಮುಚ್ಚುವ ಬಿಡಿಭಾಗ) ಬಿಗಿಯಾಗಿರಲಿ. ಇದು ನೀರಿಗಿಂತ ಇರುವೆಗಾಗಿ. ತೋಟದ ಸ್ಟಾರ್ಟರ್ ಡಬ್ಬ ತೆರೆದವರಿಗೆ ಗೊತ್ತು, ಬೆಚ್ಚಗಿನ ಜಾಗ ಸಿಕ್ಕಿತೆಂದು ಸಂಸಾರ ಸಮೇತ ಬಂದು ರಿಲೇ ಕಾಂಟ್ಯಾಕ್ಟಿನ ನಡುವೆ ಮೊಟ್ಟೆ ಇಟ್ಟಿರುತ್ತವೆ. ಹಲ್ಲಿಯ ಕಥೆ ಬೇರೆಯೇ ಇದೆ.

ಮುಚ್ಚಳದ ಒಳಬದಿಯಲ್ಲಿ ಯಾವ ಕೋಟಿಂಗ್, ಯಾವ ತಿಂಗಳು ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಅಕ್ರಿಲಿಕ್ ಆಗಿದ್ದರೆ ರಿಪೇರಿಗೆ ಇಯರ್‌ಬಡ್‌ನಲ್ಲಿ ಅಸಿಟೋನ್ ತೆಗೆದುಕೊಂಡು ಆ ಜಾಯಿಂಟನ್ನು ಮಾತ್ರ ಒರೆಸಿ, ಪಕ್ಕದ ಪ್ಲಾಸ್ಟಿಕ್‌ಗೆ ತಾಗಿಸದೆ. ಸಿಲಿಕೋನ್ ಆಗಿದ್ದರೆ ಬ್ಲೇಡಿನಿಂದ ಕೊಯ್ದು ಸಿಪ್ಪೆಯ ಹಾಗೆ ತೆಗೆಯಬೇಕು. ಪಾಲಿಯುರೆಥೇನ್ ಆಗಿದ್ದರೆ ಕೆರೆಯಬೇಕು, ಕಾದ ಐರನ್ ನೇರವಾಗಿ ಒತ್ತಿ ಆ ಹೊಗೆ ಕುಡಿಯಬೇಡಿ. ಹೊಸ ಸೋಲ್ಡರ್ ಆದ ಮೇಲೆ ಅಷ್ಟು ಜಾಗವನ್ನು ಮತ್ತೆ ಐಪಿಎಯಲ್ಲಿ ತೊಳೆದು, ಒಣಗಿಸಿ, ಬ್ರಷ್‌ನಲ್ಲಿ ಹಚ್ಚಿ.